ಲಕ್ಷ್ಮಿಗೆ ಎಷ್ಟು ಜಾಗ ಬೇಕು?

ಸೊರಬ ದೊಡ್ಡದೋ ಶಿಕಾರಿಪುರ ದೊಡ್ಡದೋ? ಈ ಪ್ರಶ್ನೆಯನ್ನು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಎತ್ತಬೇಡಿ, ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ. ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದ ಮುಂದಿಡಿ. ಅದಕ್ಕೆ ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರೂ ಗೊತ್ತಿಲ್ಲ, ಎಲೆಕ್ಷನ್ನೂ ಗೊತ್ತಿಲ್ಲ. ಅಳೆದು ಹೇಳುತ್ತದೆ ಅಷ್ಟೆ.

ತಮ್ಮ ಪುಸ್ತಕದ ಪ್ರೂಫು ನೋಡಿ ತಲೆಕೆಟ್ಟು, ಸ್ಟ್ಯಾನ್‌ಫೋರ್ಡಿನ ಡೊನಾಲ್ಡ್ ಕನೂತ್ ಮೇಷ್ಟ್ರು 1978ರಲ್ಲಿ ಹೊರತಂದದ್ದು ಇದು. ಅಕ್ಷರದ ಚೆಲುವು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಬರೀ ಪೆಟ್ಟಿಗೆ: ಇಷ್ಟು ಅಗಲ, ಗೆರೆಯಿಂದ ಮೇಲಕ್ಕೆ ಇಷ್ಟು ಎತ್ತರ, ಕೆಳಕ್ಕೆ ಇಷ್ಟು ಆಳ. ಇಂಚಿಗೆ 72.27 ಪಾಯಿಂಟು, ಆ ಒಂದು ಪಾಯಿಂಟನ್ನು ಮತ್ತೆ 65,536 ಚೂರು ಮಾಡುತ್ತದೆ. ಗಂಧದ ಪೆಟ್ಟಿಗೆ ಕೆತ್ತುವ ಸೊರಬದ ಗುಡಿಗಾರರಿಗೂ ಇಷ್ಟು ಸಣ್ಣ ಉಳಿ ಸಿಕ್ಕಲಿಕ್ಕಿಲ್ಲ.

ಅಗಲದಲ್ಲಿ ಶಿಕಾರಿಪುರ ಗೆದ್ದಿತು, ಐದಕ್ಷರ. ಆಳ? ಎರಡಕ್ಕೂ ತೀರ ಕಡಿಮೆ, ಒಂದು ಒತ್ತಕ್ಷರವೂ ಇಲ್ಲ! ತಾಲ್ಲೂಕು ಕೇಂದ್ರಗಳಿಗೆ ಆಳವಿಲ್ಲ ಎಂದದ್ದು ನಾನಲ್ಲ, ಯಂತ್ರ. ಆಳ ಇರುವುದೆಲ್ಲ ಆನವಟ್ಟಿ, ಕುಪ್ಪಗಡ್ಡೆ, ಚಂದ್ರಗುತ್ತಿ, ಬಳ್ಳಿಗಾವಿಗಳಲ್ಲಿ. ಮುಖ್ಯಮಂತ್ರಿಗಳ ಲೆಕ್ಕಕ್ಕೆ ಬಂದರೆ ಜಗಳವೇ ಇಲ್ಲ. ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ: ಇಬ್ಬರಿಗೂ ಕೊನೆಯಲ್ಲಿ ಅದೇ ಪ ಒತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಗೆರೆಯ ಕೆಳಗೆ ಕಾಲು ಚಾಚುವವು ಬೆರಳೆಣಿಕೆಯಷ್ಟು. ಹತ್ತು ಪಾಯಿಂಟಿನ ಅಕ್ಷರಕ್ಕೆ ಹನ್ನೆರಡು ಪಾಯಿಂಟಿನ ಸಾಲು ಅವರಿಗೆ ಧಾರಾಳ. ನಮ್ಮ ಲಕ್ಷ್ಮೀ ಬಂದಳೋ, ಕಕಾರದಡಿ ಷ, ಅದರ ಜೊತೆಗೆ ಮ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಬೇರೆ. ಕೆಳಗಿನ ಸಾಲಿನ ಗುಡಿಸು ಅವಳ ಕಾಲಿಗೆ ತಾಗುವಂತಾದರೆ ಟೆಕ್ ಆ ಸಾಲನ್ನೇ ಕೆಳಗೆ ತಳ್ಳುತ್ತದೆ. ಪುಟದಲ್ಲಿ ಒಂದು ಸಾಲು ಒತ್ತಾಗಿ, ಇನ್ನೊಂದು ದೂರವಾಗಿ ಕೂರುತ್ತದೆ. ಬೇರೆ ಕೆಲವು ತಂತ್ರಾಂಶಗಳಲ್ಲಿ ಸಾಲಿನ ಅಂತರ ಬಿಗಿಮಾಡಿಟ್ಟರೆ ಒತ್ತಕ್ಷರದ ಕಾಲೇ ಕತ್ತರಿಸಿಹೋಗುತ್ತದೆ. ಇದಕ್ಕೆ ಮದ್ದು, ಅಗಲವೇ ಇಲ್ಲದ, ಕಣ್ಣಿಗೂ ಕಾಣದ ಒಂದು ಪೆಟ್ಟಿಗೆ. ‘ಕ್ಷ್ಮೀ’ಯ ಎತ್ತರ, ಆಳ ಅಳೆದು ಅದನ್ನು ಪ್ರತಿ ಸಾಲಿನಲ್ಲೂ ನಿಲ್ಲಿಸಿದರೆ ಎಲ್ಲ ಸಾಲೂ ಸಮ.

ಲಗ್ನಪತ್ರಿಕೆ ಮಾಡುವ ಡಿಟಿಪಿ ಹುಡುಗ ಟೆಕ್ ಮುಟ್ಟುವವನಲ್ಲ. ಕೋರೆಲ್‌ಡ್ರಾ ತೆರೆದು ನುಡಿ ತಂತ್ರಾಂಶದಲ್ಲಿ ಕುಟ್ಟುತ್ತಾನೆ, ಅಳತೆಯೆಲ್ಲ ಕಣ್ಣಲ್ಲೇ. ಹುಡುಗಿಯ ಸೋದರಮಾವ ಬಗ್ಗಿ ನೋಡುತ್ತಾರೆ.

“ಎಂತ ಮಾರಾಯ, ಸಾಲು ಇಷ್ಟು ದೂರ? ಕಾಗದಕ್ಕೆ ದುಡ್ಡು ಕೊಡೋದು ನಾವು.”

“ಲಕ್ಷ್ಮೀಗೆ ಜಾಗ ಬೇಕಲ್ಲ ಅಣ್ಣ.”

“ಹಾಗಾದ್ರೆ ನಮ್ಮ ಹೆಸರು ಎಲ್ಲಿ?”

“ಹಿಂದಿನ ಪುಟಕ್ಕೆ ಹಾಕಿದ್ರಾಯ್ತು.”

“ಹಿಂದಿನ ಪುಟಕ್ಕೆ ಹುಡುಗನ ಕಡೆಯೋರನ್ನ ಹಾಕು!”