ಯಾವೂರ್ರಿ ನಿಮ್ದು?

ಜಪಾನಿನಲ್ಲಿ ಬಾಡಿಗೆ ಮನೆ ಹಿಡಿದ ಪರದೇಶಿಯ ಕೈಗೆ ಮೊದಲು ಬರುವುದು ಕೀಲಿಕೈ, ಅದರ ಹಿಂದೆಯೇ ಕಸದ ಕೈಪಿಡಿ. ಸುಡುವ ಕಸ ಯಾವ ವಾರ, ಸುಡದ ಕಸ ಯಾವ ವಾರ, ಬಾಟಲಿಯ ಮುಚ್ಚಳ ತೆಗೆದು, ಮೈಮೇಲಿನ ಚೀಟಿ ಸುಲಿದು, ತೊಳೆದು ಯಾವ ಚೀಲಕ್ಕೆ ಹಾಕಬೇಕು ಎಂಬುದೆಲ್ಲ ಅದರಲ್ಲಿ ಚಿತ್ರಸಮೇತ ಇರುತ್ತದೆ. ಬೆನ್ನಿಗೇ ಹಿತವಚನಗಳ ಸಾಲು: ರೈಲಿನಲ್ಲಿ ಫೋನಿನಲ್ಲಿ ಮಾತಾಡಬೇಡಿ, ಹೊಸ್ತಿಲಲ್ಲೇ ಬೂಟು ಬಿಡಿ, ಪಾಯಖಾನೆಯ ಚಪ್ಪಲಿ ಮೆಟ್ಟಿಕೊಂಡು ಪಡಸಾಲೆಗೆ ಬರಬೇಡಿ, ಹೋಟೆಲಿನಲ್ಲಿ ಟಿಪ್ಸ್ ಇಡಬೇಡಿ. ಬಾಟಲಿಯನ್ನು ಬಾಣಂತಿಯ ಕೂಸಿನಂತೆ ಮೀಯಿಸಿ ಕಸಕ್ಕೆ ಹಾಕುವ ಈ ಜನರ ಶಿಸ್ತನ್ನು ಓದಿದ ಕನ್ನಡಿಗನಿಗೆ ಒಂದು ಸಂಶಯ ಬರುವುದು ಸಹಜ. ಯಾದಗಿರಿಗೋ ಶಹಾಪುರಕ್ಕೋ ಸುರಪುರಕ್ಕೋ ವರ್ಗವಾಗಿ ಬಂದವರಿಗೆ ಇಂಥದ್ದೊಂದು ಪುಸ್ತಿಕೆಯನ್ನು ಯಾಕೆ ಯಾರೂ ಕೊಡುವುದಿಲ್ಲ? 'ಅಲ್ಲಿ ನಿಯಮ ಇದ್ದರಲ್ಲವೇ ಪುಸ್ತಿಕೆ' ಎಂದು ಬೆಂಗಳೂರಿನವರು ನಕ್ಕು ಸುಮ್ಮನಾಗುತ್ತಾರೆ. ನನ್ನ ವಾದ ಬೇರೆ. ಈ ಮೂರೂ ಊರುಗಳಲ್ಲಿ ನಿಯಮಗಳು ಜಪಾನಿನಷ್ಟೇ ಬಿಗಿಯಾಗಿವೆ. ಅಲ್ಲಿನವರು ಹೊಸಬನಿಗೆ ಉತ್ತರಗಳನ್ನು ಅಚ್ಚು ಹಾಕಿಸಿ ಕೊಡುತ್ತಾರೆ, ಇಲ್ಲಿನವರು ಪ್ರಶ್ನೆ ಕೇಳುತ್ತಾರೆ. 'ಯಾವೂರ್ರಿ ನಿಮ್ದು? ಎಲ್ಲಿಗ್ ಹೊಂಟೀರಿ? ಊಟ ಆತೇನ್ರಿ?' ಎಂಬ ಮೂರು ಪ್ರಶ್ನೆಗಳೇ ಇಲ್ಲಿನ ಕೈಪಿಡಿ. ಉತ್ತರಿಸಲು ಕಲಿತವನಿಗೆ ಬೇರೆ ಹಿತವಚನ ಬೇಕಾಗುವುದಿಲ್ಲ.

ಇಲ್ಲಿಗೆ ಬರುವ 'ಪರದೇಶಿ' ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಯಾದಗಿರಿ ಮುಂಬೈ–ಚೆನ್ನೈ ರೈಲುಮಾರ್ಗದ ಮೇಲಿದೆ. 1871ರಲ್ಲಿ ಆ ಕಡೆಯ ಹಳಿಯೂ ಈ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದಂದಿನಿಂದ ದೇಶದ ಎರಡು ಮಹಾನಗರಗಳ ಜನ ಯಾದಗಿರಿಯನ್ನು ಕಿಟಕಿಯಿಂದ ನೋಡುತ್ತ ದಾಟಿಹೋಗುತ್ತಿದ್ದಾರೆ. ಇಳಿಯುವವರು ಕಡಿಮೆ. ಇಳಿದವರು ಶಹಾಪುರ, ಸುರಪುರಗಳಿಗೆ ಹೋಗಬೇಕೆಂದರೆ ಭೀಮೆಯ ಸೇತುವೆ ದಾಟಿ ರಸ್ತೆಯನ್ನೇ ನಂಬಬೇಕು, ಅಲ್ಲಿಗೆ ಇನ್ನೂ ರೈಲಿಲ್ಲ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಜಿಲ್ಲೆಯೆಂದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಜೊತೆಗೆ ವರ್ಗಾವಣೆಯ ಆದೇಶ ಹಿಡಿದವರೂ ಬಂದರು. ಹೀಗಾಗಿ ಇಲ್ಲಿನ ಪರದೇಶಿ ಹೆಚ್ಚಾಗಿ ಕನ್ನಡಿಗನೇ. ಮೈಸೂರಿನವನೋ ಮಂಡ್ಯದವನೋ ಆಗಿ, ಭಾಷೆ ತನ್ನದೇ ಎಂಬ ಭ್ರಮೆಯಲ್ಲಿ ಬಂದಿರುತ್ತಾನೆ. ಟೋಕಿಯೋದಲ್ಲಿ ಇಳಿದವನಿಗೆ ತನಗೆ ಭಾಷೆ ಬರುವುದಿಲ್ಲವೆಂಬ ಅರಿವಾದರೂ ಇರುತ್ತದೆ, ಇವನಿಗೆ ಅದೂ ಇರುವುದಿಲ್ಲ.

ಆದ್ದರಿಂದ ಮೊದಲ ಪಾಠ ವ್ಯಾಕರಣದ್ದು. ಜಪಾನಿಯರು ಹೆಸರಿನ ಬಾಲಕ್ಕೆ 'ಸಾನ್' ಕಟ್ಟುತ್ತಾರೆ, ಮರ್ಯಾದೆ ಅಲ್ಲಿಗೆ ಸಂದಿತು. ಇಲ್ಲಿನ 'ರಿ' ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ಅದು ಕ್ರಿಯಾಪದಕ್ಕೂ ಅಂಟುತ್ತದೆ, 'ಹೌದು' 'ಇಲ್ಲ'ಗಳಿಗೂ ಅಂಟುತ್ತದೆ, ಜಗಳಕ್ಕೂ ಅಂಟುತ್ತದೆ. 'ಹೋಗ್ರಿ ಹೋಗ್ರಿ, ಭಾಳ ನೋಡೀನಿ ನಿಮ್ಮಂಥೋರ್ನ' ಎಂಬ ಬೈಗುಳದಲ್ಲಿ ಕೂಡ ಎದುರಾಳಿಯ ಬಹುವಚನಕ್ಕೆ ಧಕ್ಕೆ ಬರುವುದಿಲ್ಲ. ದಕ್ಷಿಣದ ಹೊಸಬ 'ರಿ' ಬಿಟ್ಟು 'ಇಲ್ಲ' ಎಂದನೆಂದರೆ ಕೇಳಿದವರಿಗೆ ಬಾಗಿಲು ಬಡಿದಂತಾಗುತ್ತದೆ, ಅವನಿಗೋ ತಪ್ಪೇನೆಂದು ತಿಳಿಯುವುದಿಲ್ಲ. ಎರಡನೆಯ ಪಾಠ 'ಇಲ್ಲ' ಎನ್ನದೆ ಇಲ್ಲವೆನ್ನುವುದು. ಜಪಾನಿನಲ್ಲಿ ಯಾರಾದರೂ 'ಚೊತ್ತೊ...' ಎಂದು ಮಾತನ್ನು ಅರ್ಧಕ್ಕೆ ಬಿಟ್ಟರೆ ಕೆಲಸ ಆಗುವುದಿಲ್ಲವೆಂದೇ ತಿಳಿಯಬೇಕಂತೆ. ಆ ಶಬ್ದಕ್ಕೆ 'ಸ್ವಲ್ಪ' ಎಂದಷ್ಟೇ ಅರ್ಥ. ಇಲ್ಲಿ ಅದರ ಸ್ಥಾನದಲ್ಲಿ 'ನೋಡೋಣ್ರಿ' ಇದೆ. 'ನೋಡೋಣ್ರಿ' ಎಂದವರು ನೋಡುವುದಿಲ್ಲ, 'ನಾಳಿಗ್ ನೋಡೋಣ್ರಿ' ಎಂದವರು ನಾಳೆಯೂ ನೋಡುವುದಿಲ್ಲ. ಮೂರನೆಯದು ದೂರದ ಪಾಠ. ದಾರಿ ಕೇಳಿದಾಗ ಬರುವ 'ಇಲ್ಲೇ ಅದರಿ' ಎಂಬ ಉತ್ತರಕ್ಕೆ ನೂರು ಹೆಜ್ಜೆಯಿಂದ ಹಿಡಿದು ಎರಡು ಹರದಾರಿಯವರೆಗೆ ಯಾವ ಅರ್ಥವೂ ಇರಬಹುದು. ಅದನ್ನು ಅಳತೆಯೆಂದು ತೆಗೆದುಕೊಂಡವರು ಬಿಸಿಲಲ್ಲಿ ಕೆಡುತ್ತಾರೆ. ಅದು ಧೈರ್ಯ ಹೇಳುವ ಮಾತು. ಹೇಳಿದವರು ಅಲ್ಲಿಗೇ ಬಿಡುವುದೂ ಇಲ್ಲ, 'ಯಾರ ಮನೀಗ್ರಿ?' ಎಂದು ಕೇಳುತ್ತಾರೆ. ಅದಕ್ಕೆ ಉತ್ತರಿಸಿದಿರೋ, ಮುಂದಿನ ಅರ್ಧ ದಾರಿಗೆ ಅವರೇ ಜೊತೆಯಾಗುತ್ತಾರೆ. ಭೂಪಟ ಇಲ್ಲದ ಕಡೆ ಪ್ರಶ್ನೆಯೇ ಭೂಪಟ.

ಕಾಲದ ವಿಷಯದಲ್ಲಿಯೂ ಬಿಗಿಯಾದ ನಿಯಮವಿದೆ, ಅದನ್ನು ಮಾಡಿದವನು ಸೂರ್ಯ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟಿ ಕೂತಿರುವಾಗ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರ ಮನೆಯ ಕದವನ್ನೂ ಬಡಿಯಬಾರದು. ಹೊಸಬರು ಇದನ್ನು ಸೋಮಾರಿತನವೆಂದು ಬರೆದುಕೊಳ್ಳುತ್ತಾರೆ. ಜಪಾನಿನ ಕಾಮಾಕುರದ ಕಂಚಿನ ಮಹಾಬುದ್ಧ 13ನೆಯ ಶತಮಾನದಿಂದ ಬೆನ್ನು ಬಾಗಿಸಿ ಕೂತೇ ಇದ್ದಾನೆ. ನಮ್ಮ ಶಹಾಪುರದ ಬೆಟ್ಟಸಾಲಿನ ಬುದ್ಧ ಮಾತ್ರ ಅಂಗಾತ ಮಲಗಿದ್ದಾನೆ, ಹೆದ್ದಾರಿಯಲ್ಲಿ ಹೋಗುವವರಿಗೆ ಹಣೆ, ಮೂಗು, ಎದೆ ಎಲ್ಲವೂ ಕಾಣುವಷ್ಟು ಸ್ಪಷ್ಟವಾಗಿ. ಸ್ಥಳದ ಹವೆ ತಿಳಿದ ಜ್ಞಾನಿ ಆತ. ಬೆಳಿಗ್ಗೆ ಐದಕ್ಕೇ ಹೊಲಕ್ಕಿಳಿದು ಬೆನ್ನು ಬಾಗಿಸಿದ ಊರು ಮಧ್ಯಾಹ್ನ ಮೈ ಚಾಚಿದರೆ ಲೆಕ್ಕ ಸರಿಹೋಯಿತು. ಸಂಜೆ ಅಂಗಳಕ್ಕೆ ನೀರು ಹೊಡೆದು ಹೊರಸು ಹೊರಗೆ ಬಂದಾಗಲೇ ಊರು ತೆರೆಯುವುದು. ಹೊರಸಿನ ತುದಿಗೆ ಸರಿದು ಜಾಗ ಕೊಟ್ಟರೆ ಕೂರಬೇಕು, ಕೂತ ಮೇಲೆ ಪ್ರಶ್ನೆ ಶುರುವಾಗುತ್ತದೆ. ಒಂದು ಕಪ್ ಚಾ ಒಲ್ಲೆಯೆಂದರೆ ಅದಕ್ಕೂ ಕಾರಣ ಕೊಡಬೇಕು. ಸಕ್ಕರೆ ಕಾಯಿಲೆಯೊಂದೇ ಸಾಮಾನ್ಯವಾಗಿ ಅಂಗೀಕಾರವಾಗುವ ಕಾರಣ, ಅದಕ್ಕೂ 'ಸಕ್ರಿ ಇಲ್ದಂಗ ಮಾಡ್ತೀವಿ ತಗೋರಿ' ಎಂಬ ಪರಿಹಾರ ಸಿದ್ಧವಿರುತ್ತದೆ.

ಊಟದ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಜಪಾನಿನಲ್ಲಿ ನೂಡಲ್ಸನ್ನು ಸುರ್ರೆಂದು ಸದ್ದುಮಾಡಿ ಎಳೆದರೆ ಅಸಭ್ಯವಲ್ಲವಂತೆ. ಇಲ್ಲಿ ಕಡಕ್ ರೊಟ್ಟಿ ಮುರಿಯುವಾಗ ಸದ್ದಾಗದಿದ್ದರೆ ರೊಟ್ಟಿ ಮೆತ್ತಗಾಗಿದೆಯೆಂದು ಮನೆಯವರೇ ನೊಂದುಕೊಳ್ಳುತ್ತಾರೆ. ಪುಂಡಿಪಲ್ಲೆ, ಶೇಂಗಾದ ಹಿಂಡಿ, ಮೇಲೊಂದಿಷ್ಟು ಮೊಸರು ಇದ್ದ ತಾಟಿನ ಮುಂದೆ ಚಮಚ ಕೇಳುವವನನ್ನು ಊರು ಕ್ಷಮಿಸುತ್ತದೆ, ಮರೆಯುವುದಿಲ್ಲ. ಮನೆ ಬದಲಿಸಿದ ಜಪಾನಿ ತಾನೇ ಟವೆಲ್ಲಿನಂಥ ಸಣ್ಣ ಕಾಣಿಕೆ ಹಿಡಿದು ನೆರೆಯವರ ಬಾಗಿಲಿಗೆ ಹೋಗಿ, ತನ್ನಿಂದ ತೊಂದರೆಯಾದರೆ ಮನ್ನಿಸಿರೆಂದು ತಲೆಬಾಗಿಸಿ ಬರುವ ಪದ್ಧತಿ ಇದೆ. ಯಾದಗಿರಿಯಲ್ಲಿ ಕ್ರಮ ತಿರುಗುಮುರುಗು. ಸಾಮಾನು ಇಳಿಸಿದ ದಿನವೇ ಪಕ್ಕದ ಮನೆಯಿಂದ ರೊಟ್ಟಿ-ಪಲ್ಲೆಯ ತಾಟು ಬರುತ್ತದೆ, ತಾಟಿನ ಜೊತೆ ಪ್ರಶ್ನೆಯೂ. ಖಾಲಿ ತಾಟು ಹಿಂದಿರುಗಿಸಬಾರದು, ಕಡೆಗೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಎಲ್ಲಿಯೂ ಬರೆದಿಲ್ಲದ ಈ ಕಾಯಿದೆಯ ಜಾರಿ ಜಪಾನಿನ ಕಸದ ಕಾಯಿದೆಗಿಂತ ಕಟ್ಟುನಿಟ್ಟು. ಅಲ್ಲಿ ತಪ್ಪಾಗಿ ಇಟ್ಟ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ, ಇಲ್ಲಿ ಖಾಲಿ ತಾಟು ಕೊಟ್ಟವರ ಹೆಸರಿಗೇ ಚೀಟಿ ಅಂಟುತ್ತದೆ.

ಈ ವಾದಕ್ಕೆ ಚರಿತ್ರೆಯ ಸಾಕ್ಷಿಯೂ ಉಂಟು. ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ಅವನ ಕೈಯಲ್ಲೂ ಯಾವ ಪುಸ್ತಿಕೆಯೂ ಇರಲಿಲ್ಲ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡು 1853ರವರೆಗೆ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್. ಬೋನಾಳದ ಕೆರೆಯನ್ನು ಹಿಗ್ಗಿಸಿದ, ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದ. ಹುಡುಗ ರಾಜ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದುದನ್ನು ಅವನ ಆತ್ಮಕಥೆ ನೆನೆಯುತ್ತದೆ. ಉತ್ತರಿಸುವುದನ್ನೂ ಮರುಪ್ರಶ್ನೆ ಹಾಕುವುದನ್ನೂ ಕಲಿತ ಪರದೇಶಿಗೆ ಊರು ಕೊಡುವ ಪದವಿ ಇದು, ನೆಂಟಸ್ತಿಕೆಯದು. ಆದರೆ ಇದಕ್ಕೆ ಅಡ್ಡಮಾತೂ ಇದೆ. ಟೇಲರ್ ಕಂಪನಿಯ ಬಲದ ನೆರಳಲ್ಲಿ ಬಂದ ಅಧಿಕಾರಿ, ಅಧಿಕಾರಿಯನ್ನು ಅಪ್ಪ ಎನ್ನದೆ ಏನೆನ್ನಬೇಕಿತ್ತು? ಮಾತು ನಿಜ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕಿ, ಸೆರೆಮನೆಯ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಸತ್ತ. ಊರು ಹೊಸಬನನ್ನು ನೆಂಟನಾಗಿಸಿಕೊಂಡ ಮಾತ್ರಕ್ಕೆ ಅವನ ಸರಕಾರವೂ ನೆಂಟನಾಗುವುದಿಲ್ಲ. ಬಹುವಚನ ಕೊಟ್ಟೇ ಜಗಳ ತೆಗೆಯುವ ಊರಿಗೆ ಈ ಭೇದ ಗೊತ್ತು.

ದೊಡ್ಡ ಆಕ್ಷೇಪಣೆ ಇನ್ನೂ ಬಾಕಿ ಇದೆ. ಕಂಡಕಂಡವರ ಊರು, ಸಂಬಳ, ಮದುವೆ, ಮಕ್ಕಳನ್ನು ವಿಚಾರಿಸುವುದು ಸಭ್ಯತೆಯೇ? ಅದಕ್ಕಿಂತ ಮುಳ್ಳಿನ ಮಾತೆಂದರೆ, 'ಯಾವೂರ್ರಿ' ಎಂಬುದರ ಹಿಂದೆ 'ಯಾರ ಪೈಕಿ?' ಎಂಬ ಇನ್ನೊಂದು ಪ್ರಶ್ನೆ ಹೊಂಚಿ ಕೂತಿರುವುದುಂಟು. ಬಾಡಿಗೆ ಮನೆ ಹುಡುಕಿದವರಿಗೆ ಇದರ ರುಚಿ ಗೊತ್ತು, ಆ ಉತ್ತರದ ಮೇಲೆ ಮನೆ ಇದ್ದದ್ದು ಇಲ್ಲವಾಗುತ್ತದೆ. ಇಲ್ಲಿ ನನ್ನ ಕೈಪಿಡಿಯ ಒಂದು ಹಾಳೆ ಹರಿಯಲೇಬೇಕು. ಹೊಸಬನನ್ನು ಕಂಡಾಗ ಯಾವ ಪ್ರಶ್ನೆ ಕೇಳಬಾರದೆಂದು ಬಸವಣ್ಣ ಎಂಟುನೂರು ವರ್ಷದ ಹಿಂದೆಯೇ ಹೇಳಿದ. ನಾವು ನಾರಾಯಣಪುರದ ಅಣೆಕಟ್ಟೆಯ ನೀರಿಗೆ ಬಸವಸಾಗರವೆಂದು ಹೆಸರಿಟ್ಟು, ಆ ಪ್ರಶ್ನೆಯನ್ನು ದಡದ ಮೇಲೆ ಒಣಗಿಸಿ ಇಟ್ಟುಕೊಂಡಿದ್ದೇವೆ. ಆದರೂ ಈ ನೆಲದಲ್ಲಿಯೇ ಆ ಪ್ರಶ್ನೆಗೆ ಮದ್ದೂ ಇದೆ. ಸುರಪುರ ಸೀಮೆಯ ಮುದನೂರು ನೇಯ್ಗೆಯ ದೇವರ ದಾಸಿಮಯ್ಯನ ಊರು. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ, 'ಯಾರ ಪೈಕಿ' ಎಂದು ದೇವರನ್ನೇ ಕೇಳಿದರೆ ಉತ್ತರ ತೊಡರುವ ಜಾಗ ಅದು. ಮೊಹರಮ್ಮಿನ ಅಲಾಯಿ ಕುಣಿತದಲ್ಲಿ ಹೆಜ್ಜೆ ಯಾರದೆಂದು ಯಾರೂ ವಿಚಾರಿಸುವುದಿಲ್ಲ. ಹಾಗಾಗಿ ನಾನು ಸಮರ್ಥಿಸುವುದು ತಾಟಿನ ಜೊತೆ ಬರುವ ಪ್ರಶ್ನೆಯನ್ನು ಮಾತ್ರ, ತಾಟು ಕಸಿಯುವ ಪ್ರಶ್ನೆಯನ್ನಲ್ಲ.

'ಪ್ರಶ್ನೆಯಿಂದ ಚರಂಡಿ ಸ್ವಚ್ಛವಾದೀತೇ?' ಎನ್ನುವವರಿಗೂ ಉತ್ತರ ಹೇಳಬೇಕು. ಆಗುವುದಿಲ್ಲ. ಕಸದ ವಿಷಯದಲ್ಲಿ ಜಪಾನಿನ ಪುಸ್ತಿಕೆಯನ್ನು ಇದ್ದದ್ದು ಇದ್ದಂತೆ ಕನ್ನಡಕ್ಕಿಳಿಸಿಕೊಂಡರೂ ನನ್ನ ತಕರಾರಿಲ್ಲ. ರಾಜ್ಯದ ಹಿಂದುಳಿದ ಸೀಮೆಯೆಂದೇ ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸವಲತ್ತು ಪಡೆದ ಪ್ರದೇಶ ಇದು, ಅದರ ಕೊರತೆಗಳನ್ನು ಆತಿಥ್ಯದ ಸೆರಗಿನಿಂದ ಮುಚ್ಚಬಾರದು. ಆದರೆ ಬೇರೆ ಬೇರೆ ಮಾಡಿ ಇಡಬಹುದಾದದ್ದು ಕಸವನ್ನು ಮಾತ್ರ. ಮನುಷ್ಯರನ್ನು ಕೂಡಿಸುವ ಕೆಲಸಕ್ಕೆ ಯಾರಾದರೂ ಬಾಯಿ ಬಿಟ್ಟು ಮಾತಾಡಿಸಲೇಬೇಕು.

ಇದರ ಬೆಲೆ ತಿಳಿಯಬೇಕಾದರೆ ಇಲ್ಲಿಗೆ ಬರುವವರನ್ನು ಬಿಟ್ಟು ಇಲ್ಲಿಂದ ಹೋಗುವವರನ್ನು ನೋಡಬೇಕು. ಮಳೆ ಕೈಕೊಟ್ಟ ವರ್ಷ ಮೂಟೆ ಕಟ್ಟಿ ಗುಳೆ ಹೊರಟ ಸಂಸಾರಗಳು ಇದೇ ಯಾದಗಿರಿ ನಿಲ್ದಾಣದಲ್ಲಿ, ಶಹಾಪುರ, ಸುರಪುರದ ಬಸ್ಸುಗಳಲ್ಲಿ ಬೆಂಗಳೂರಿಗೋ ಮುಂಬೈಗೋ ಹತ್ತುತ್ತವೆ. ಗೋಡೆ ಕಟ್ಟುತ್ತವೆ, ಕಟ್ಟಿದ ಗೋಡೆಯ ಹೊರಗೆ ತಗಡಿನ ಜೋಪಡಿಯಲ್ಲಿ ಇರುತ್ತವೆ. ಆ ಪರದೇಶಿಗಳಿಗೆ ಮಹಾನಗರ ಯಾವ ಪುಸ್ತಿಕೆಯನ್ನೂ ಅಚ್ಚು ಹಾಕಿಸಿಲ್ಲ. ಹಾಕಿಸಿದ್ದರೂ ಓದುವಷ್ಟು ಬಿಡುವು ಕೊಡುತ್ತಿರಲಿಲ್ಲ. ಅಲ್ಲಿ ಅವರನ್ನು ಕೇಳುವ ಪ್ರಶ್ನೆ ಒಂದೇ: 'ಕೆಲಸ ಎಲ್ಲಿಗೆ ಬಂತು?' ಕಾರಹುಣ್ಣಿಮೆಗೋ ಜಾತ್ರೆಗೋ ತಿರುಗಿ ಬಂದು ಯಾದಗಿರಿಯಲ್ಲಿ ಇಳಿದಾಗ, ಗುರುತಿಲ್ಲದ ಚಾದಂಗಡಿಯವನು ಗ್ಲಾಸು ತೊಳೆಯುತ್ತಲೇ 'ಯಾವೂರ್ರಿ ನಿಮ್ದು?' ಎನ್ನುತ್ತಾನೆ. ಆ ಹೊತ್ತಿನಲ್ಲಿ ಅದು ಅಧಿಕಪ್ರಸಂಗವಾಗಿ ಕೇಳುವುದಿಲ್ಲ. ಮೂಟೆ ಕೆಳಗಿಟ್ಟು, ಊರಿನ ಹೆಸರನ್ನು ಬಾಯ್ತುಂಬ ಹೇಳಿ, 'ಎರಡು ಚಾ ಕೊಡ್ರಿ' ಎನ್ನುವಾಗ ಆ 'ರಿ' ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ.