ಮೂರು ದೋಣಿ, ಎರಡು ಕಾಲು

ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆಂದು ಹಿರಿಯರು ಎಚ್ಚರಿಸುತ್ತಾರೆ. ಹದಿಹರೆಯದ ಕಷ್ಟ ಅದಕ್ಕಿಂತ ಒಂದು ದೋಣಿಯಷ್ಟು ಹೆಚ್ಚು: ಮನೆ, ಮತ, ಮನಸ್ಸು. ನಾವು ಮೂರಕ್ಕೂ ಬೇರೆ ಬೇರೆ ಮೇಸ್ತ್ರಿಗಳನ್ನು ಗೊತ್ತು ಮಾಡಿಟ್ಟಿದ್ದೇವೆ. ಮನೆ ಕೆಟ್ಟರೆ ಸೋದರಮಾವ, ಮತ ಕೆಟ್ಟರೆ ಪುರೋಹಿತರು, ಮನಸ್ಸು ಕೆಟ್ಟರೆ ಮೊಬೈಲು ಕಸಿದುಕೊಳ್ಳುವುದು. ನನ್ನ ವಾದವಿಷ್ಟೇ. ಅಲ್ಲಿರುವುದು ಒಂದೇ ದೋಣಿ. ‘ನಾನು ಯಾರವನು’ ಎಂಬ ಒಂದೇ ತೂತಿನಿಂದ ಮೂರು ಕಡೆ ನೀರು ಚಿಮ್ಮುತ್ತಿರುತ್ತದೆ, ಅಷ್ಟೇ. ಸಾಕ್ಷಿಗೆ ಹೈದರಾಬಾದಿಗೆ ಹೋಗೋಣ. ನಿಜಾಮರ ಆಶ್ರಯದಲ್ಲಿ ಅಲ್ಲಿ 1927ರಲ್ಲಿ ‘ಇಸ್ಲಾಮಿಕ್ ಕಲ್ಚರ್’ ಎಂಬ ಇಂಗ್ಲಿಷ್ ಪತ್ರಿಕೆ ಶುರುವಾಯಿತು. ಆಗ ಕಲಬುರಗಿ, ರಾಯಚೂರುಗಳ ಕಂದಾಯವೂ ಅದೇ ಬೊಕ್ಕಸ ಸೇರುತ್ತಿದ್ದುದರಿಂದ ಅದರ ಸಂಪಾದಕರ ಸಂಬಳದಲ್ಲಿ ನಮ್ಮ ರೈತರ ಪಾಲೂ ಉಂಟು. 1930ರ ದಶಕದ ಕೊನೆಯಲ್ಲಿ ಆ ಕುರ್ಚಿಯಲ್ಲಿ ಕುಳಿತ ಮುಹಮ್ಮದ್ ಅಸದ್ ಹುಟ್ಟಿನಿಂದ ಯೆಹೂದಿ, ರಬ್ಬಿಯೊಬ್ಬರ ಮೊಮ್ಮಗ.

ಅಸದ್ ಮೊದಲು ಲಿಯೋಪೋಲ್ಡ್ ವೈಸ್. ಹುಟ್ಟಿದ್ದು 1900ರಲ್ಲಿ, ಇಂದಿನ ಉಕ್ರೇನಿನ ಲ್ವಿವ್‌ನಲ್ಲಿ. ತಂದೆ ವಕೀಲರು, ತಾವು ರಬ್ಬಿಯಾಗಲಿಲ್ಲ, ಮಗನಿಗೆ ಮಾತ್ರ ಮನೆಗೇ ಮೇಷ್ಟ್ರನ್ನು ಕರೆಸಿ ಹೀಬ್ರೂ ಪಾಠ ಹೇಳಿಸಿದರು. ತಾನು ಬಿಟ್ಟ ಸಂಧ್ಯಾವಂದನೆಯನ್ನು ಮಗ ತಪ್ಪಿಸಬಾರದೆನ್ನುವ ಅಪ್ಪಂದಿರು ನಮ್ಮಲ್ಲೂ ಕಡಿಮೆಯೇ? ಹದಿಮೂರಕ್ಕೆಲ್ಲ ಹುಡುಗ ಹೀಬ್ರೂವನ್ನು ಸಲೀಸಾಗಿ ಓದುತ್ತಿದ್ದ. ಮರುವರ್ಷ ಮೊದಲ ಮಹಾಯುದ್ಧ ಬಂತು. ಹುಡುಗ ಸುಳ್ಳು ಹೆಸರು ಕೊಟ್ಟು ಆಸ್ಟ್ರಿಯಾದ ಸೈನ್ಯ ಸೇರಿದ. ತಂದೆ ಪತ್ತೆಹಚ್ಚಿಸಿ ಮನೆಗೆ ಎಳೆತಂದರು. ಮುಂದೆ ಬರ್ಲಿನ್ನಿನಲ್ಲಿ, ತನಗಿಂತ ಸಾಕಷ್ಟು ದೊಡ್ಡವಳಾದ, ಮಗನಿದ್ದ ಎಲ್ಸಾ ಎಂಬ ಕಲಾವಿದೆಯನ್ನು ಮೆಚ್ಚಿ ಮದುವೆಯಾದ. 1926ರಲ್ಲಿ ಅವನು ಇಸ್ಲಾಮಿಗೆ ಸೇರಿದ, ಕೆಲವೇ ವಾರಗಳಲ್ಲಿ ಅವಳೂ ಸೇರಿದಳು. ತಂದೆ ಮಾತು ಬಿಟ್ಟರು. 1927ರಲ್ಲಿ ಹಜ್‌ಗೆ ಹೋದಾಗ ಎಲ್ಸಾ ಮಕ್ಕಾದಲ್ಲೇ ತೀರಿಕೊಂಡಳು. ಮನೆ, ಮತ, ಮನಸ್ಸು ಮೂರೂ ಒಂದೇ ಪಂಚಾಂಗದ ಪುಟದೊಳಗೆ ಅದಲುಬದಲಾದವು. ಇದರಲ್ಲಿ ಯಾವ ಮೇಸ್ತ್ರಿಯನ್ನು ಮೊದಲು ಕರೆಯುತ್ತೀರಿ?

ಇಪ್ಪತ್ತಾರು ಹದಿಹರೆಯವೇ ಎಂದು ನೀವು ಕೇಳಬಹುದು. ಹದಿನಾಲ್ಕರಲ್ಲಿ ಸುಳ್ಳು ಹೆಸರಿನಲ್ಲಿ ಓಡಿದ ಹುಡುಗ ಇಪ್ಪತ್ತಾರರಲ್ಲಿ ನಿಜದ ಹೆಸರೇ ಬದಲಿಸಿದ. ಕಾಯಿಲೆ ಹಳೆಯದು, ಗುರುತು ಸಿಕ್ಕಿದ್ದು ತಡವಾಗಿ. ಇನ್ನೊಂದು ಆಕ್ಷೇಪಣೆ ಭಾರವಾದದ್ದು: ಮನೆ ಬಿಟ್ಟವನು ಹಿರಿಯರ ದುಡಿಮೆಯನ್ನೆಲ್ಲ ನೀರಿಗೆ ಹಾಕಿದಂತಲ್ಲವೇ? ಇಲ್ಲಿಯೇ ಲೆಕ್ಕ ಸೋಜಿಗದ್ದು. ಹೀಬ್ರೂ, ಅರಬ್ಬಿ ಅಕ್ಕತಂಗಿಯರು. ಅಕ್ಕನ ಮನೆಯಲ್ಲಿ ಬೆಳೆದವನಿಗೆ ತಂಗಿಯ ಮನೆಯ ಅಡಿಗೆ ಪೂರ್ತಿ ಹೊಸದಾಗಿ ತೋರದು. ಅಸದರ ಕುರಾನ್ ಅನುವಾದ, ವ್ಯಾಖ್ಯಾನ 1980ರಲ್ಲಿ ಪೂರ್ತಿಯಾಗಿ ಹೊರಬಂತು. ಅಪ್ಪ ಯೆಹೂದಿಗಳ ಧರ್ಮಗ್ರಂಥವಾದ ತೋರಾಕ್ಕೆಂದು ಕಟ್ಟಿದ ಪಾಠದ ಫೀಜು ಮತ್ತೊಂದು ಖಾತೆಗೆ ಜಮೆಯಾಯಿತೇ ಹೊರತು ಮುಳುಗಲಿಲ್ಲ. ಒಬ್ಬನ ಉದಾಹರಣೆ ಸಾಲದೆಂದರೆ ಅಸದ್ ಸಂಪಾದಕರಾಗಿದ್ದ ಊರಿನಲ್ಲೇ ಅವರ ಕಾಲದಿಂದ ಸುಮಾರು 290 ವರ್ಷ ಹಿಂದಕ್ಕೆ ಹೋಗಿ. ಯೆಹೂದಿಯಾಗಿ ಹುಟ್ಟಿ ಇಸ್ಲಾಮಿಗೆ ಬಂದ ಪಾರಸಿ ಕವಿ ಸರ್ಮದನನ್ನು ಮತಗಳನ್ನು ಕುರಿತ ಪಾರಸಿ ಗ್ರಂಥ ‘ದಬಿಸ್ತಾನ್’ನ ಕರ್ತೃ 1647ರಲ್ಲಿ ಕಂಡದ್ದು ಹೈದರಾಬಾದಿನಲ್ಲೇ. ಸರ್ಮದನ ಹಿಂದೂ ಶಿಷ್ಯ ಅಭಯಚಂದ ತೋರಾದ ಆರಂಭವನ್ನು ಪಾರಸಿಗೆ ತಂದಿದ್ದ. ಗುರು ತಿದ್ದಿದ ಆ ಪಾಠ ‘ದಬಿಸ್ತಾನ್’ನಲ್ಲಿ ಸೇರಿದೆ. ಬಿಟ್ಟುಬಂದ ಮನೆಯ ಬೀಗದ ಕೈ ಉಡಿಯಲ್ಲೇ ಇತ್ತು, ಅದನ್ನು ಪಕ್ಕದ ಮನೆಯವನಿಗೆ ಕೊಟ್ಟ, ಅಷ್ಟೇ.

ಹಾಗೆಂದು ಹೆತ್ತವರ ನೋವನ್ನು ನಗೆಯಲ್ಲಿ ತೇಲಿಸಲಾಗದು. ಅಸದರ ತಂದೆ ವರ್ಷಗಳ ಬಳಿಕ ಮಗನೊಂದಿಗೆ ರಾಜಿಯಾದರು. 1942ರಲ್ಲಿ ನಾಜಿಗಳು ಅವರನ್ನು ಸಾಗಿಸಿಬಿಟ್ಟರು. ಆ ಹೊತ್ತಿಗೆ ಆಸ್ಟ್ರಿಯಾದವನೆಂಬ ಕಾರಣಕ್ಕೆ ಮಗನನ್ನು ಬ್ರಿಟಿಷರು ಇಂಡಿಯಾದ ಶಿಬಿರದಲ್ಲಿ ಕೂಡಿಹಾಕಿದ್ದರು.  ‘ನಾನು ಯಾರವನು’ ಎಂಬುದಕ್ಕೆ ಸರ್ಕಾರದ ಕಾಗದ ಕೊಡುವ ಉತ್ತರ ಯಾವಾಗಲೂ ಅರ್ಧ ಸಾಲಿನದು. ಹುಡುಗರು ಪೂರ್ತಿ ಪುಟ ಕೇಳುತ್ತಾರೆ, ಬರೆಯಲು ಹೊತ್ತೂ ಕೇಳುತ್ತಾರೆ. ಮಾತು ಬಿಟ್ಟು ಕೂತ ಅಪ್ಪಂದಿರಿಗೆ ಆ ಹೊತ್ತು ಎಷ್ಟು ತುಟ್ಟಿಯೆಂಬುದು ತಿಳಿಯುವುದು ಕೊನೆಗೆ.