ಶೇಕಡಾ ಏಳರ ಗುರುಗಳಿಗೆ

ಮಾನ್ಯ ಸಂವಹನ ಕೌಶಲ ತರಬೇತುದಾರರೇ,

ಕಳೆದ ತಿಂಗಳು ನಮ್ಮ ಆಫೀಸಿಗೆ ಬಂದು ಇಡೀ ದಿನ ತರಬೇತಿ ಕೊಟ್ಟಿರಲ್ಲ, ಹಿಂದಿನ ಸಾಲಿನ ಕಿಟಕಿ ಪಕ್ಕ ಕೂತು ತಲೆಯಾಡಿಸುತ್ತಿದ್ದವನು ನಾನು. ಅದು ಊಟದ ಮೇಲಿನ ತೂಕಡಿಕೆ. ನೀವು ನನ್ನತ್ತ ಕೈ ತೋರಿಸಿ, 'ನೋಡಿ, ಇವರು ಎಷ್ಟು ಗಮನ ಕೊಟ್ಟು ಕೇಳ್ತಿದಾರೆ' ಅಂದಿರಿ. ದೇಹಭಾಷೆ ಓದುವ ನಿಮ್ಮ ಪರಿಣತಿಗೆ ಆಗಲೇ ಶರಣಾದೆ.

ಪರದೆಯ ಮೇಲೆ ಬಣ್ಣದ ಚಕ್ರವೊಂದನ್ನು ತೋರಿಸಿದಿರಿ. ಮಾತಿನ ಪಾಲು ಶೇ 7, ದನಿಯದು ಶೇ 38, ಮುಖ-ಮೈಕೈಯದು ಶೇ 55. ಇಷ್ಟು ಗೊತ್ತಿದ್ದೂ ಆರು ಗಂಟೆ ಮಾತಾಡುವ ಶ್ರಮ ಯಾಕೆ ತೆಗೆದುಕೊಂಡಿರಿ ಸ್ವಾಮಿ? ಬಾಯಿ ಮುಚ್ಚಿಕೊಂಡು ಕೈ ಬೀಸುತ್ತ ನಿಂತಿದ್ದರೂ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದಿರಿ.

ಕುತೂಹಲಕ್ಕೆ ಈ ಲೆಕ್ಕದ ಮೂಲ ಹುಡುಕಿದೆ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಂತೆ. ಕೇಳಿಸಿದ್ದು ಭಾಷಣವನ್ನಲ್ಲ, ಬಿಡಿ ಪದಗಳನ್ನು. ಒಂದರಲ್ಲಂತೂ ಇದ್ದದ್ದು ಒಂದೇ ಪದ, 'ಮೇಬಿ'. ಅದನ್ನೇ ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖಭಾವದ ಫೋಟೊ ತೋರಿಸಿ, ಹೇಳುತ್ತಿರುವವರಿಗೆ ಎದುರಿನವರನ್ನು ಕಂಡರೆ ಇಷ್ಟವೋ ಅಲ್ಲವೋ ಎಂದು ಊಹಿಸಲು ಹೇಳಿದ್ದರು. ಇಷ್ಟಾನಿಷ್ಟದ ಮಾತಿಗಷ್ಟೇ ಈ ಲೆಕ್ಕ, ಬೇರೆಲ್ಲದಕ್ಕೂ ಹಚ್ಚಬೇಡಿ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಅವರೂ ಬಾಯಲ್ಲಿ ಹೇಳಿದ್ದಲ್ಲವೇ? ಶೇ 7 ಮಾತ್ರ ತಲುಪಿತು ಅಂತ ಕಾಣುತ್ತೆ.

ಆ 'ಮೇಬಿ' ನಮ್ಮ 'ನೋಡೋಣ'ದ ಅಕ್ಕತಂಗಿ. ಗಂಡಿನ ಕಡೆಯವರು ಉಪ್ಪಿಟ್ಟು-ಕೇಸರಿಬಾತು ಮುಗಿಸಿ, ಚಪ್ಪಲಿ ಮೆಟ್ಟುತ್ತ 'ನೋಡೋಣ' ಅಂದರೆ ಅದು ಇಲ್ಲವೆಂದೇ ಲೆಕ್ಕ. ಅದನ್ನೇ ಇನ್ನೊಂದು ಲೋಟ ಕಾಫಿ ಕೇಳಿ ಅಂದರೆ ಅರ್ಧ ಮದುವೆ ಮುಗಿದಂತೆ. ಇಲ್ಲಿ ನಿಮ್ಮ ಚಕ್ರ ತಿರುಗುತ್ತದೆ, ಒಪ್ಪಿದೆ.

ಆದರೆ ಎಲ್ಲ ಕಡೆಯೂ ತಿರುಗುವುದಿಲ್ಲ. ಒಮ್ಮೆ ನನ್ನ ಹೆಂಡತಿ ಫೋನು ಮಾಡಿ 'ಅತ್ತಿಗೆ ನಾಳೆ ಬೆಳಗಿನ ಬಸ್ಸಿಗೆ ಬರ್ತಾರೆ ಅಂದಿದ್ನಲ್ಲ, ನಾಳೆ ಅಲ್ಲ, ನಾಡಿದ್ದು' ಅಂದಳು. ಪಕ್ಕದಲ್ಲಿ ಯಾರೋ ಹಾರ್ನ್ ಹೊಡೆದರು. ನಾನು 'ಹೂಂ' ಅಂದೆ. ಮಾರನೇ ದಿನ ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ನಿಂತು, ಇಳಿದ ಒಬ್ಬೊಬ್ಬರಲ್ಲೂ ಅತ್ತಿಗೆಯನ್ನು ಹುಡುಕಿದೆ. ನೀವು ಹೇಳಿಕೊಟ್ಟ ಹಾಗೆ ಕಣ್ಣಲ್ಲಿ ಕಣ್ಣಿಟ್ಟೇ ನೋಡಿದೆ. ಒಬ್ಬಾಕೆ ಬ್ಯಾಗನ್ನು ಎದೆಗವಚಿಕೊಂಡು ಆಚೆ ಸರಿದರು.

ನನಗೆ ಹೋಗಿದ್ದು ಒಂದು ಬೆಳಗಿನ ನಿದ್ದೆ. ಮಾತು ಸರಿಯಾಗಿ ಕೇಳಿಸದೆ ಜೀವಗಳೇ ಹೋದದ್ದೂ ಇದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಡಚ್ ವಿಮಾನದವರು 'ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಮಾತು ಹೇಳಿದರು. ಕಂಟ್ರೋಲ್ ಟವರಿನವರು 'ಓಕೆ' ಅಂದರು. ಒಂದು ಕ್ಷಣ ಬಿಟ್ಟು, ಕಾಯಿರಿ, ನಾವೇ ಕರೆಯುತ್ತೇವೆ ಎಂದೂ ಹೇಳಿದರು. ಅದೇ ಹೊತ್ತಿಗೆ, ರನ್‌ವೇ ಮೇಲೇ ಇದ್ದ ಇನ್ನೊಂದು ವಿಮಾನದವರೂ ರೇಡಿಯೊದಲ್ಲಿ ಮಾತಾಡಿದರು. ಎರಡೂ ಮಾತು ಸೇರಿ ಕೀರಲು ಶಬ್ದವಾಯಿತು. ಡಚ್ ವಿಮಾನದವರಿಗೆ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಒಂದೇ. ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಇನ್ನೂ ಇದ್ದವು, ಆದರೆ ಆಮೇಲೆ ರೇಡಿಯೊ ಮಾತಿನ ನಿಯಮವೇ ಬಿಗಿಯಾಯಿತು. 'ಟೇಕಾಫ್' ಎಂಬ ಪದವನ್ನು ನಿಜವಾಗಿ ಹಾರಲು ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಅನುಮತಿ ಸಿಕ್ಕರೆ ಬರೀ 'ಓಕೆ' ಸಾಲದು, ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಕಾಕ್‌ಪಿಟ್ಟಿನವರ ಮುಖ ಟವರಿಗೆ ಕಾಣುವುದಿಲ್ಲ, ಮೈಕೈಯೂ ಕಾಣುವುದಿಲ್ಲ. ಎಲ್ಲ ಭಾರವೂ ನಿಮ್ಮ ಆ ಏಳರ ಮೇಲೇ.

ನಮ್ಮ ಆಫೀಸಿನ ಕೆಳಗಿನ ಹೋಟೆಲಿನ ಮಾಣಿ ಈ ತಿರುಗಿ ಹೇಳುವ ಕೆಲಸವನ್ನು ಯಾವ ತರಬೇತಿಯೂ ಇಲ್ಲದೆ ದಿನಾ ಮಾಡುತ್ತಾನೆ. ನಾವು ನಾಲ್ಕು ಜನ ಒಟ್ಟಿಗೇ ಗಲಾಟೆ ಮಾಡಿ ಹೇಳುತ್ತೇವೆ. ಅವನು ಮುಖ ನೋಡುವುದಿಲ್ಲ, ನಗುವುದಿಲ್ಲ, ಟೇಬಲ್ಲು ಒರೆಸುತ್ತಲೇ ಒಪ್ಪಿಸುತ್ತಾನೆ: 'ಎರಡು ಮಸಾಲೆ, ಒಂದಕ್ಕೆ ಈರುಳ್ಳಿ ಇಲ್ಲ, ಒಂದು ಸೆಟ್, ಬೈಟು ಕಾಫಿ ಎರಡು, ಒಂದು ಬೈಟು ಸಕ್ಕರೆ ಕಮ್ಮಿ.' ನಾವು ಹೂಂ ಅಂದ ಮೇಲೇ ಒಳಗೆ ಕೂಗುವುದು. ನಿಮ್ಮ ಸಂಭಾವನೆಯಲ್ಲಿ ಶೇ 93ನ್ನು ಅವನಿಗೆ ಕೊಟ್ಟರೂ ಅನ್ಯಾಯವಾಗಲಾರದು.

ಅವನನ್ನೇ ಗುರು ಮಾಡಿಕೊಂಡು ಮೊನ್ನೆ ಮನೆಯಲ್ಲಿ ಪ್ರಯೋಗಿಸಿದೆ. ಹೆಂಡತಿ ಸಾಮಾನಿನ ಪಟ್ಟಿ ಹೇಳಿದಳು. ನಾನು ಗಿಳಿಯಂತೆ ತಿರುಗಿ ಒಪ್ಪಿಸಿದೆ: 'ತೊಗರಿಬೇಳೆ ಒಂದು ಕೇಜಿ, ಹೆಸರುಬೇಳೆ ಅರ್ಧ, ಹುಣಸೆಹಣ್ಣು ಹಳೇದು ಬೇಡ, ಹೊಸದು.' ಒಂದು ಕ್ಷಣ ಮೌನ. ಆಮೇಲೆ, 'ಅಣಕಿಸ್ತಿದೀರಾ?' ಅಂದಳು. ದನಿಯಲ್ಲಿ ಎಡವಿದ್ದೇನೆ, ಗುರುಗಳೇ. ನಿಮ್ಮ ಶೇ 38ರ ಪಾಠ ನಡೆದಾಗಲೇ ನಾನು ತೂಕಡಿಸುತ್ತಿದ್ದದ್ದು.

ಆ ಒಂದು ಪಾಠಕ್ಕಾದರೂ ನಿಮ್ಮನ್ನು ಮತ್ತೊಮ್ಮೆ ಕರೆಸಿ ಎಂದು ಸಾಹೇಬರನ್ನು ಕೇಳಿದೆ. ಫೈಲಿನಿಂದ ತಲೆ ಎತ್ತದೆ, 'ನೋಡೋಣ' ಅಂದರು.

ಇತಿ,
ಹಿಂದಿನ ಸಾಲಿನವನು